ಅಜ್ಜನ ಪದ್ಮಿನಿಗೆ ಟರ್ಬೊ ಕೂರಿಸೋ ಮುಂಚೆ...

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಈ ಸಲ ಕವಿತೆ, ಸಿನಿಮಾ, ರಾಜಕೀಯ ಯಾವುದೂ ಅಲ್ಲ, ಶುದ್ಧ ಗ್ರೀಸು-ಆಯಿಲಿನ ವಿಷಯ. ಆಸಕ್ತಿ ಇಲ್ಲದವರು ಇಲ್ಲೇ ಬ್ರೇಕ್ ಹಾಕಬಹುದು, ನಂಗೇನೂ ಬೇಜಾರಿಲ್ಲ :-)

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಹಳೇ ಕಾರಿಗೆ "ಕಮ್ಮಿ ಖರ್ಚಲ್ಲಿ ಟರ್ಬೊ" ಅಂತಾರಲ್ಲ, ಅದರಲ್ಲಿ ಕಮ್ಮಿ ಖರ್ಚಿನ ಸಾಮಾನು ಅಂದ್ರೆ ಟರ್ಬೊ ಒಂದೇ. ಅದರ ಸುತ್ತಮುತ್ತ ಮಾಡಬೇಕಾದ ಕೆಲಸವೆಲ್ಲ ದುಬಾರಿ. ದುಬಾರಿ ಭಾಗ ಬಿಟ್ಟು ಅಗ್ಗದ ಭಾಗ ಮಾತ್ರ ಮಾಡಿಸಿದರೆ ಎಂಜಿನ್ ಹೋಗುತ್ತೆ, ಇಲ್ಲಾ ಅದಕ್ಕಿಂತ ಕೆಟ್ಟದ್ದಾಗುತ್ತೆ.

ಈ ವಿಷಯ ತಲೆಗೆ ಹೊಕ್ಕಿದ್ದು ನಮ್ಮ ಅಕ್ಕನ ಮಗನಿಂದ. ಹಾಸನದ ಮನೆಯಲ್ಲಿ ಅವರಜ್ಜ, ಅಂದ್ರೆ ನಮ್ಮ ಭಾವನ ಅಪ್ಪ, ಬಿಟ್ಟುಹೋದ ಒಂದು ಪ್ರೀಮಿಯರ್ ಪದ್ಮಿನಿ ಇದೆ. 1974ರ ಗಾಡಿ. ಫಿಯೆಟ್ 1100 ಡಿಲೈಟ್, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಓಡಾಡುತ್ತಿದ್ದ ಕಾರಿಗೆ ಪದ್ಮಿನಿ ಅಂತ ನಾಮಕರಣ ಆಗಿದ್ದೇ ಆ ವರ್ಷ. ಎಂವೈ ಅಂತ ಶುರುವಾಗುವ ನಂಬರ್ ಪ್ಲೇಟು, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ, ಮುಂದೆ ಮೂರು ಜನ ಕೂರಬಹುದಾದ ಸೀಟು. ಅಜ್ಜ ಇದ್ದಾಗ ವರ್ಷಕ್ಕೊಂದು ಸಲ ಧರ್ಮಸ್ಥಳಕ್ಕೆ ಇಡೀ ಸಂಸಾರವನ್ನ ತುಂಬಿಕೊಂಡು ಹೋಗಿ ಬರುತ್ತಿತ್ತು. ಈಗ ಹುಡುಗನ ಕೈಗೆ ಬಂದಿದೆ. ಅವನು ಬೆಂಗಳೂರಲ್ಲಿ ಸಾಫ್ಟ್‌ವೇರು. ಯೂಟ್ಯೂಬ್ ನೋಡಿ ನೋಡಿ, "ಮಾವ, ಒಂದು ಲಕ್ಷದೊಳಗೆ ಟರ್ಬೊ ಹಾಕಿಸಿಬಿಡ್ತೀನಿ, ಶಿರಾಡಿ ಘಾಟಿ ಥರ್ಡ್ ಗೇರಲ್ಲೇ ಹತ್ತಬೇಕು" ಅಂತ ಕೂತಿದ್ದಾನೆ. ನಾನು ಹೊಟ್ಟೆಪಾಡಿಗೆ ಪೀಣ್ಯದಲ್ಲಿ ಕಂಪ್ರೆಸರ್‌ಗಳ ಜೊತೆ ಏಗುವವನಾದ್ದರಿಂದ ಅಭಿಪ್ರಾಯ ಕೇಳಿದ. ಫೋನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೀತಿದ್ದೀನಿ.

ಒಂದು ಮಾತು ಸ್ಪಷ್ಟ ಇರಲಿ. ಹಳೇ ಕಾರಿನ ಒಂದು ಬೋಲ್ಟೂ ಬದಲಾಯಿಸಬಾರದು, ಗಾಜಿನ ಪೆಟ್ಟಿಗೇಲಿಟ್ಟು ಆರತಿ ಎತ್ತಬೇಕು ಅನ್ನೋ ಪೈಕಿ ನಾನಲ್ಲ. ಮದ್ರಾಸಿನ ಶೋಲಾವರಂ ಏರ್‌ಸ್ಟ್ರಿಪ್ಪಲ್ಲಿ ರೇಸ್ ನಡೀತಿದ್ದ ಕಾಲದಲ್ಲಿ ಇದೇ ಫಿಯೆಟ್‌ಗಳನ್ನ ಬಿಚ್ಚಿ, ಹೆಡ್ ಕೆರೆಸಿ, ಕಾರ್ಬೊರೇಟರ್ ಬದಲಾಯಿಸಿ ಜನ ಓಡಿಸಿದ್ದಾರೆ. ಕಾರಿಗೆ ಕೈ ಹಾಕೋದು ಅದರ ಮೇಲಿನ ಪ್ರೀತಿಯ ಒಂದು ರೂಪವೇ. ನನ್ನ ತಕರಾರು ಲೆಕ್ಕ ಮುಚ್ಚಿಡೋದರ ಬಗ್ಗೆ.

ಟರ್ಬೊ ಅಂದ್ರೆ ಏನು ಅಂತ ಒಂದೆರಡು ಸಾಲು, ಗೊತ್ತಿದ್ದವರು ಹಾರಿಸಿಕೊಂಡು ಓದಿ. ಸೈಲೆನ್ಸರಲ್ಲಿ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸೋದು, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನ ಒತ್ತಿ ಎಂಜಿನ್ನಿಗೆ ತುರುಕೋದು. ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಅನ್ನೋ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಮೊದಲು ಇದರ ಉಪಯೋಗ ತೋರಿಸಿಕೊಟ್ಟಿದ್ದು ವಿಮಾನಗಳಲ್ಲಿ. 1918ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, 14,000 ಅಡಿ ಎತ್ತರಕ್ಕೆ, ಒಂದು ವಿಮಾನದ ಎಂಜಿನ್ನನ್ನ ಸಾಗಿಸಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಪರೀಕ್ಷೆ ಮಾಡಿದ್ದ. ಎತ್ತರದಲ್ಲಿ ಗಾಳಿ ತೆಳು, ಎಂಜಿನ್ ಸೊರಗುತ್ತೆ. ಟರ್ಬೊ ಆ ನಷ್ಟ ತುಂಬಿಕೊಡುತ್ತೆ. ಇದು ನಮಗೂ ಸಂಬಂಧಪಟ್ಟ ವಿಷಯವೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ 10 ಕಮ್ಮಿ. ಅಂದ್ರೆ ಮಂಗಳೂರಿನ ಪದ್ಮಿನಿ ಬೆಂಗಳೂರಿಗೆ ಬಂದ ಕೂಡಲೇ ನಾಲ್ಕು ಕುದುರೆ ಕಳಕೊಂಡಿರುತ್ತೆ!

ಅದರ ಹತ್ರ ಇರೋದೇ ಎಷ್ಟು ಕುದುರೆ ಅಂತೀರ? 1089 ಸಿಸಿ, ಸುಮಾರು ನಲವತ್ತು ಚಿಲ್ಲರೆ. ಅದನ್ನಿಟ್ಟುಕೊಂಡು ಮುಕ್ಕಾಲು ಟನ್ನಿಗೂ ಮೀರಿದ ಗಾಡಿ ಎಳೀಬೇಕು. ಹುಡುಗನ ಸಂಕಟ ಸುಳ್ಳಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಳೇ ಎಂಜಿನ್ನಿಗೆ ಧೈರ್ಯವಾಗಿ ಕೊಡಬಹುದಾದ ಬೂಸ್ಟ್ ಅಂದ್ರೆ 0.3, ಜಾಸ್ತಿ ಅಂದ್ರೆ 0.4 ಬಾರ್. 0.4 ಅಂತಲೇ ಇಟ್ಕೊಳ್ಳಿ. ಬೆಂಗಳೂರಿನ 0.9 ಬಾರ್ ಗಾಳಿ 1.3 ಆಯ್ತು. ನೋಡೋಕೆ ಶೇ 44 ಜಾಸ್ತಿ. ಆದರೆ ಗಾಳಿ ಒತ್ತಿದರೆ ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಇದು ಗೊತ್ತು. 30 ಡಿಗ್ರಿ ಗಾಳಿ ಟರ್ಬೊದಿಂದ ಹೊರಗೆ ಬರೋ ಹೊತ್ತಿಗೆ 80 ಡಿಗ್ರಿ ಆಸುಪಾಸು ಇರುತ್ತೆ. ಬಿಸಿ ಗಾಳಿ ಹಿಗ್ಗಿರುತ್ತೆ, ಹಾಗಾಗಿ ನಿಜವಾಗಿ ಒಳಗೆ ಹೋಗುವ ಗಾಳಿ ಜಾಸ್ತಿಯಾಗೋದು ಶೇ 20-25 ಅಷ್ಟೇ. ಇಂಟರ್‌ಕೂಲರ್ ಹಾಕಿದರೆ ಇನ್ನೊಂದಿಷ್ಟು. ಒಟ್ಟಿನಲ್ಲಿ ನಲವತ್ತರ ಜಾಗದಲ್ಲಿ ಐವತ್ತು, ಐವತ್ತೆರಡು. ಇಷ್ಟೆಲ್ಲ ರಾಮಾಯಣ ಹತ್ತು-ಹನ್ನೆರಡು ಕುದುರೆಗಾಗಿ! ಮಾರುತಿ ಸ್ವಿಫ್ಟಿಗೆ 2010ರಲ್ಲಿ ಬಂದ 1.2 ಲೀಟರ್ ಪೆಟ್ರೋಲ್ ಎಂಜಿನ್ ಟರ್ಬೊ ಗಿರ್ಬೊ ಏನೂ ಇಲ್ಲದೆ ಎಂಬತ್ತರ ಮೇಲೆ ಕೊಡುತ್ತಿತ್ತು ಅನ್ನೋದು ನೆನಪಿರಲಿ.

ಇನ್ನು ಸಾಮಾನು. ಗುಜರಿಯಲ್ಲಿ ಟರ್ಬೊ ಸಿಗೋದು ಕಷ್ಟವೇ ಅಲ್ಲ. 2020ರ ಏಪ್ರಿಲ್‌ಗೆ ಮಾರುತಿಯವರು ಡೀಸೆಲ್ ಕಾರು ನಿಲ್ಲಿಸಿದರಲ್ಲ, ಅಲ್ಲೀತನಕ ಸ್ವಿಫ್ಟ್, ಡಿಜೈರ್, ರಿಟ್ಜ್ ಅಂತ ಹೊರಬಂದ ಗಾಡಿಗಳಲ್ಲೆಲ್ಲ ಇದ್ದದ್ದು ಫಿಯೆಟ್ಟಿನ 1.3 ಡೀಸೆಲ್ ಎಂಜಿನ್. (ಫಿಯೆಟ್ಟಿಗೆ ಫಿಯೆಟ್ಟಿನದೇ ಟರ್ಬೊ ಅಂತ ಹುಡುಗನಿಗೆ ಅದೊಂದು ಪುಳಕ.) ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಆ ಪುಟ್ಟ ಟರ್ಬೊ ಕೈಗೆ ಸಿಗುತ್ತೆ. ಅಳತೆಯೂ ನಮ್ಮ 1089 ಸಿಸಿಗೆ ತೀರಾ ಅಸಂಬದ್ಧ ಅಲ್ಲ. ಆದರೆ ಅದು ಡೀಸೆಲ್ಲಿಗೆ ಹುಟ್ಟಿದ ಜೀವ. ಡೀಸೆಲ್ ಹೊಗೆ ಪೂರ್ತಿ ಲೋಡಿನಲ್ಲೂ ಸಾಮಾನ್ಯವಾಗಿ 700-800 ಡಿಗ್ರಿ. ಪೆಟ್ರೋಲ್ ಹೊಗೆ 900 ದಾಟುತ್ತೆ. ಘಾಟಿಯಲ್ಲಿ ಹತ್ತು ನಿಮಿಷ ಕಾಲು ಒತ್ತಿಕೊಂಡೇ ಇದ್ದರೆ ಮನೆ ಬಿರುಕು ಬಿಡೋದು, ಚಕ್ರದ ರೆಕ್ಕೆ ಸುಟ್ಟುಹೋಗೋದು ದೊಡ್ಡ ಆಶ್ಚರ್ಯವೇನಲ್ಲ. ಮತ್ತೊಂದು, ಹೆಚ್ಚಾದ ಹೊಗೆಯನ್ನ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಅಂತ ಒಂದಿರುತ್ತೆ. ಅದರ ಸ್ಪ್ರಿಂಗ್ ಡೀಸೆಲ್ಲಿನ ಹೆಚ್ಚು ಒತ್ತಡಕ್ಕೆ ಅಂತ ಕೂರಿಸಿದ್ದು. ಬದಲಾಯಿಸದೆ ಹಾಗೇ ಹಾಕಿದರೆ ನೀವು ಅಂದುಕೊಂಡ 0.4 ಬಾರಿನ ಗೆರೆ ಅದಕ್ಕೆ ಗೊತ್ತೇ ಇರಲ್ಲ.

ಸರಿ, ಟರ್ಬೊ ಬಂತು. ಎಲ್ಲಿ ಕೂರಿಸ್ತೀರ? ಪದ್ಮಿನಿಯಲ್ಲಿರೋದು ಕಾರ್ಬೊರೇಟರ್. ಎರಡು ದಾರಿ. ಒಂದು, ಕಾರ್ಬೊರೇಟರ್ ಮುಂದೆ, ಟರ್ಬೊ ಹಿಂದೆ; ಟರ್ಬೊ ಪೆಟ್ರೋಲ್ ಬೆರೆತ ಗಾಳಿಯನ್ನೇ ಎಳೆದುಕೊಳ್ಳುತ್ತೆ. ಸುಲಭ, ಅಗ್ಗ. ಆದರೆ ಕಾಲು ಬಿಟ್ಟಾಗ ಟರ್ಬೊ ಒಳಗೆ ನಿರ್ವಾತ ಉಂಟಾಗಿ ಬೇರಿಂಗಿನ ಆಯಿಲನ್ನ ಎಳೆದುಕೊಂಡು ಎಂಜಿನ್ನಿಗೆ ಕುಡಿಸುತ್ತೆ. ಇದಕ್ಕೆ ಅಂತಲೇ ಕಾರ್ಬನ್ ಸೀಲ್ ಇರುವ ಟರ್ಬೊ ಬೇಕು, ಡೀಸೆಲ್ಲಿನದರಲ್ಲಿ ಅದು ಇರಲ್ಲ. ಇಂಟರ್‌ಕೂಲರ್ ಆಸೆಯನ್ನೂ ಬಿಡಬೇಕು, ಯಾಕಂದ್ರೆ ಅದರ ತುಂಬಾ ಪೆಟ್ರೋಲ್ ಆವಿ ಇಟ್ಟುಕೊಂಡು ಓಡಾಡೋದು ಅಂದ್ರೆ ಬಾಂಬ್ ಇಟ್ಟುಕೊಂಡ ಹಾಗೆ.

ಎರಡನೇ ದಾರಿ, ಟರ್ಬೊ ಒತ್ತಿದ ಗಾಳಿಯನ್ನ ಕಾರ್ಬೊರೇಟರ್ ಮೂಲಕ ಕಳಿಸೋದು. ಇದು ಹೆಚ್ಚು ಸರಿಯಾದ ದಾರಿ. ಆದರೆ ಕಾರ್ಬೊರೇಟರಿನ ಫ್ಲೋಟ್ ಚೇಂಬರಿಗೂ ಅದೇ ಒತ್ತಡ ಕೊಡಬೇಕು, ಇಲ್ಲಾಂದ್ರೆ ಪೆಟ್ರೋಲ್ ಜೆಟ್ಟಿನಿಂದ ಮೇಲೇಳೋದೇ ಇಲ್ಲ. ಚೇಂಬರಿಗೆ ಒತ್ತಡ ಕೊಟ್ಟರೆ ಪಂಪ್ ಅದನ್ನ ಮೀರಿ ಪೆಟ್ರೋಲ್ ತಳ್ಳಬೇಕು. ಎಂಜಿನ್ ಪಕ್ಕದಲ್ಲಿರೋ ಹಳೇ ಡಯಾಫ್ರಾಂ ಪಂಪಿನ ತಾಕತ್ತು ಕಾಲು ಬಾರ್ ಆಸುಪಾಸು. ಎದುರಿಗೆ ಇರೋದು 0.4! ಜೋರಾಗಿ ಒತ್ತಿದ ಕ್ಷಣದಲ್ಲೇ, ಅಂದ್ರೆ ಪೆಟ್ರೋಲ್ ಅತಿ ಹೆಚ್ಚು ಬೇಕಾದ ಹೊತ್ತಲ್ಲೇ, ಪೆಟ್ರೋಲ್ ನಿಂತುಹೋಗುತ್ತೆ. ಹಾಗಾಗಿ ಎಲೆಕ್ಟ್ರಿಕ್ ಪಂಪ್, ಬೂಸ್ಟ್ ಜೊತೆಗೇ ಏರುವ ರೆಗ್ಯುಲೇಟರ್, ಟ್ಯಾಂಕಿಗೆ ವಾಪಸ್ ಹೋಗುವ ಲೈನ್, ಹೊಸ ಜೆಟ್ಟುಗಳು, ಥ್ರಾಟಲ್ ಶಾಫ್ಟಿಗೆ ಸೀಲು. ಯೂಟ್ಯೂಬ್ ವೀಡಿಯೋದಲ್ಲಿ ಇದೆಲ್ಲ ಮೂರು ಸೆಕೆಂಡಲ್ಲಿ ಮ್ಯೂಸಿಕ್ ಜೊತೆ ಮುಗಿದುಹೋಗುತ್ತೆ.

ಪೆಟ್ರೋಲ್ ಕಮ್ಮಿಯಾದರೆ ಏನಾಗುತ್ತೆ ಅನ್ನೋದೇ ಇಲ್ಲಿ ಪ್ರಾಣ ಹೋಗೋ ವಿಷಯ. ಮಿಶ್ರಣ ತೆಳುವಾದರೆ ಉರಿ ಬಿಸಿಯಾಗುತ್ತೆ, ಎಂಜಿನ್ ನಾಕ್ ಹೊಡೆಯುತ್ತೆ, ಅಂದ್ರೆ ಸಿಲಿಂಡರ್ ಒಳಗೆ ಸುತ್ತಿಗೆ ಬಡಿದ ಹಾಗೆ ಟಕಟಕ. ಒಂದೆರಡು ಸಲ ತಡೆದುಕೊಳ್ಳುತ್ತೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಅಥವಾ ಪಿಸ್ಟನ್ನಿಗೆ ತೂತು. ಈಗ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. 2025ರಿಂದೀಚೆಗೆ ಬಂಕಿನಲ್ಲಿ ನಮಗೆ ಸಿಗ್ತಿರೋದು ಹೆಚ್ಚೂಕಮ್ಮಿ ಎಲ್ಲಾ ಕಡೆ ಶೇ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಹಳೇ ಜೆಟ್ಟಿನಲ್ಲಿ ಮಿಶ್ರಣ ತನ್ನಷ್ಟಕ್ಕೆ ತಾನೇ ತೆಳುವಾಗುತ್ತೆ. ನ್ಯಾಯವಾಗಿ ಹೇಳಬೇಕು ಅಂದ್ರೆ ಎಥನಾಲ್ ನಾಕಿಂಗ್ ತಡೆಯುತ್ತೆ, ಗಾಳಿಯನ್ನ ತಣ್ಣಗೂ ಮಾಡುತ್ತೆ, ಟರ್ಬೊಗೆ ಅದು ಒಳ್ಳೇದೇ. ಆದರೆ ಜೆಟ್ಟು ಅದಕ್ಕೆ ತಕ್ಕ ಹಾಗೆ ಬದಲಾಯಿಸಿದ್ದರೆ ಮಾತ್ರ. ಜೊತೆಗೆ ಐವತ್ತು ವರ್ಷದ ಗಾಡಿಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಇವೆಲ್ಲ ಎಥನಾಲ್ ಕಂಡಿರೋ ಕಾಲದವಲ್ಲ. ಒತ್ತಡದ ಪೆಟ್ರೋಲ್ ಪೈಪ್ ಬಿರುಕು ಬಿಟ್ಟು, ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೊ... ಬಿಡಿ, ಬರೆಯೋದು ಬೇಡ.

ಡಿಸ್ಟ್ರಿಬ್ಯೂಟರ್ (ನಮ್ಮ ಮೇಸ್ತ್ರಿಗಳ ಬಾಯಲ್ಲಿ ಡೆಲ್ಕೊ) ಬಗ್ಗೆ ಯಾರೂ ಮಾತೇ ಆಡಲ್ಲ. ಬೂಸ್ಟ್ ಏರಿದಾಗ ಕಿಡಿಯನ್ನ ತಡ ಮಾಡಬೇಕು. ಅದು ಗೊತ್ತಿರದ ಹಳೇ ಡೆಲ್ಕೊ ಆರ್‌ಪಿಎಂ ಏರಿದ ಹಾಗೆ ಕಿಡಿಯನ್ನ ಬೇಗ ಬೇಗ ಕೊಡುತ್ತೆ. ಇದಕ್ಕೊಂದು ಎಲೆಕ್ಟ್ರಾನಿಕ್ ಇಗ್ನಿಷನ್ ಬಾಕ್ಸ್ ಬೇಕು, ಅದನ್ನ ಟ್ಯೂನ್ ಮಾಡೋಕೆ ಗೊತ್ತಿರೋ ಮನುಷ್ಯ ಬೇಕು. ಮನುಷ್ಯ ಬಾಕ್ಸಿಗಿಂತ ದುಬಾರಿ.

ಆಯಿಲ್ ವಿಷಯ ಚಿಕ್ಕದಾಗಿ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ, ಎರಡು ಲಕ್ಷ ಸುತ್ತು ತಿರುಗುತ್ತೆ. ಅದನ್ನ ಹಿಡಿದು ನಿಲ್ಲಿಸಿರೋದು ಆಯಿಲಿನ ಒಂದು ತೆಳು ಪದರ. ವಾಪಸ್ ಬರೋ ಆಯಿಲು ದಪ್ಪ ಪೈಪಲ್ಲಿ ಇಳಿಜಾರಾಗಿ ತಾನೇ ಸಂಪಿಗೆ ಬೀಳಬೇಕು, ಅಂದ್ರೆ ಸಂಪ್ ಬಿಚ್ಚಿ ತೂತು ಕೊರೆದು ಬೆಸುಗೆ. ಗಾಡಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸುವ ಅಭ್ಯಾಸವನ್ನೂ ಬಿಡಬೇಕು. ನಮ್ಮ ಹಳೇ ಫಿಯೆಟ್ ಎಂಜಿನ್ನಿನ ಕ್ರ್ಯಾಂಕಿಗೆ ಇರೋದು ಮೂರೇ ಮೇನ್ ಬೇರಿಂಗು. ಅದರ ಆಯಸ್ಸಿಗೂ ಒಂದು ಮಿತಿ ಇದೆ.

ದೊಡ್ಡ ಕಂಪನಿಗಳೇ ಇದರಲ್ಲಿ ಎಡವಿವೆ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅಂತ ಬಂತು, ಮಾರಾಟಕ್ಕೆ ಬಂದ ಮೊಟ್ಟಮೊದಲ ಟರ್ಬೊ ಕಾರುಗಳಲ್ಲೊಂದು. 10.25ರ ಕಂಪ್ರೆಷನ್ ಹಾಗೇ ಇಟ್ಟುಕೊಂಡು ಟರ್ಬೊ ಹಾಕಿದರು. ನಾಕಿಂಗ್ ತಡೆಯೋಕೆ ನೀರು-ಮೆಥನಾಲ್ ಬೆರೆಸಿದ ದ್ರವ ಸಿಂಪಡಿಸುವ ವ್ಯವಸ್ಥೆ. ಜನ ಆ ದ್ರವ ತುಂಬಿಸೋದನ್ನೇ ಮರೆತರು. ಕೊನೆಗೆ ಎಷ್ಟೋ ಗಾಡಿಗಳಿಂದ ಕಂಪನಿಯ ಡೀಲರುಗಳೇ ಟರ್ಬೊ ಕಿತ್ತು ಸಾದಾ ಕಾರ್ಬೊರೇಟರ್ ಕೂರಿಸಿಕೊಟ್ಟರು. ಇನ್ನೊಂದು ಕಡೆ 1973ರ ಬಿಎಂಡಬ್ಲ್ಯೂ 2002 ಟರ್ಬೊ ನೋಡಿ. 130 ಕುದುರೆಯ ಎಂಜಿನ್ನಿಂದ 170 ತೆಗೆದರು. ಅದಕ್ಕೆ ಕಂಪ್ರೆಷನ್ 6.9ಕ್ಕೆ ಇಳಿಸಿದರು, ಪೆಟ್ರೋಲ್ ಇಂಜೆಕ್ಷನ್ ಇತ್ತು, ಮುಂದಿನ ಡಿಸ್ಕ್ ಬ್ರೇಕುಗಳನ್ನ ಗಾಳಿಯಾಡುವ ನಮೂನೆಗೆ ಬದಲಾಯಿಸಿದರು. ಟರ್ಬೊ ಒಂದನ್ನೇ ತಂದು ಸಿಕ್ಕಿಸಲಿಲ್ಲ. ಅಷ್ಟಾದರೂ ತೈಲ ಬಿಕ್ಕಟ್ಟಿನ ಕಾಲದಲ್ಲಿ ಮಾರಾಟವಾಗಿದ್ದು 1,672 ಗಾಡಿ.

ಬ್ರೇಕ್ ಅಂದ್ನಲ್ಲ, ನನಗೆ ನಿಜವಾಗಿ ನಿದ್ದೆ ಕೆಡಿಸೋದು ಅದೇ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಗಾಡಿ ನಿಲ್ಲಿಸೋಕೆ ಡ್ರಮ್ಮು ನುಂಗಬೇಕಾದ ಬಿಸಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 80ರಲ್ಲಿ ಹೋಗ್ತಿದ್ದವನು 100ಕ್ಕೆ ಹೋದರೆ ವೇಗ ಕಾಲುಭಾಗ ಜಾಸ್ತಿ, ಬಿಸಿ ಮಾತ್ರ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ಹತ್ತೋವಾಗ ಟರ್ಬೊ ಸಹಾಯ ಮಾಡಬಹುದು ಮಾರಾಯ್ರೇ, ಶಿರಾಡಿ ಇಳಿಯೋವಾಗ ಯಾರು ಸಹಾಯ ಮಾಡ್ತಾರೆ? ಕಾದ ಡ್ರಮ್ಮು ಹಿಗ್ಗಿ, ಲೈನರ್ ಹಿಡಿತ ಬಿಟ್ಟು, ಪೆಡಲ್ ನೆಲ ಮುಟ್ಟುವ ಅನುಭವ ಆದವರಿಗೆ ವಿವರಿಸಬೇಕಿಲ್ಲ. ಎದುರಿಗೆ ಟ್ಯಾಂಕರು, ಪಕ್ಕದಲ್ಲಿ ಕಣಿವೆ. ಸೀಟ್ ಬೆಲ್ಟ್ ಇಲ್ಲದ ಕಾಲದ ಗಾಡಿ ಬೇರೆ.

ಈಗ ಕಾನೂನು. ಯಾರಿಗೂ ಇಷ್ಟವಿಲ್ಲದ ಭಾಗ, ಆದರೆ ನಮ್ಮ ಹುಡುಗನ ವಿಷಯದಲ್ಲಿ ಇದೇ ನಿರ್ಣಾಯಕ ಅಂತ ನನ್ನ ಅನಿಸಿಕೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ದಂಡ ಕಟ್ಟಿ ಬರಬಹುದು ಅನ್ನೋರಿದ್ದಾರೆ. ಇನ್ಶೂರೆನ್ಸ್? ಹೇಳದೇ ಟರ್ಬೊ ಹಾಕಿಸಿದ ಗಾಡಿ ಯಾರಿಗಾದರೂ ಗುದ್ದಿದ ದಿನ ಕಂಪನಿಯವರು ಮೊದಲು ಕೇಳೋದು ಅದನ್ನೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತ ನಿಯಮ ತಂತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ ಪ್ರತ್ಯೇಕ ನೋಂದಣಿ. ಈಗಾಗಲೇ ನೋಂದಣಿ ಆದ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಬಹುದು. ಷರತ್ತು ಏನಪ್ಪಾ ಅಂದ್ರೆ ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಜ್ಜನ 1974ರ ಪದ್ಮಿನಿ ಐವತ್ತು ದಾಟಿದೆ. ಅಂದ್ರೆ ಈ ಬಾಗಿಲು ಅದಕ್ಕೆ ತೆರೆದಿರೋದೇ ಈಗ, ಅದನ್ನ ಮುಚ್ಚೋಕೆ ಹುಡುಗ ಒಂದು ಲಕ್ಷ ಕೂಡಿಡ್ತಿದ್ದಾನೆ! ವಿಂಟೇಜ್ ಅಂತ ನೋಂದಣಿ ಆದರೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ಆ ಕಟ್ಟು ಬೇಡ ಅಂತ ಅವನು ತೀರ್ಮಾನಿಸಿದರೆ ಸರಿ, ಆದರೆ ತಿಳಿದು ತೀರ್ಮಾನಿಸಲಿ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ಮೀರಿತು. ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳು ಇದ್ದಷ್ಟು ದಿನ ಅವುಗಳ ನೆಪದಲ್ಲಿ ಬಿಡಿಭಾಗಗಳ ಒಂದು ವ್ಯಾಪಾರ ಇತ್ತು. ಇನ್ನು ಮೇಲೆ ಒಡೆದ ಬ್ಲಾಕಿಗೆ ಬದಲಿ ಹುಡುಕೋದು ಸುಲಭ ಆಗಲ್ಲ.

ಹಾಗಾದರೆ ಆ ಒಂದು ಲಕ್ಷ ಏನ್ ಮಾಡೋದು? ನನ್ನ ಕೈಗೆ ಕೊಟ್ಟರೆ ಮೊದಲು ಬ್ರೇಕಿಗೆ ಹಾಕ್ತೀನಿ: ಹೊಸ ಲೈನರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ಪೈಪುಗಳು, ಡ್ರಮ್ಮು ಲೇತಿಗೆ ಹಾಕಿಸಿ ದುಂಡು ಮಾಡಿಸೋದು. ಆಮೇಲೆ ರೇಡಿಯೇಟರ್ ಬಿಚ್ಚಿಸಿ ಕ್ಲೀನ್. ಎಥನಾಲ್ ತಡೆಯುವ ಪೆಟ್ರೋಲ್ ಪೈಪು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿ, ಬೇಕಿದ್ದರೆ ವಾಲ್ವ್ ಗ್ರೈಂಡಿಂಗ್. ಕಾರ್ಬೊರೇಟರ್ ಸರ್ವಿಸ್, ಈಗಿನ ಪೆಟ್ರೋಲಿಗೆ ತಕ್ಕ ಜೆಟ್ಟು. ಎಷ್ಟೋ ಪದ್ಮಿನಿಗಳು ಆ ನಲವತ್ತು ಕುದುರೆಯನ್ನೂ ಈಗ ಕೊಡ್ತಿಲ್ಲ, ಸವೆದ ರಿಂಗು, ಸೋರುವ ವಾಲ್ವು, ಆಟ ಬಂದ ಡೆಲ್ಕೊ ಅರ್ಧ ತಿಂದಿರುತ್ತೆ. ಅಜ್ಜನ ಕಾಲದಲ್ಲಿ ಐದು ಜನ, ಲಗೇಜು, ಮೇಲೊಂದು ಹಲಸಿನಹಣ್ಣು ಹೇರಿಕೊಂಡು ಇದೇ ಗಾಡಿ ಇದೇ ಘಾಟಿ ಹತ್ತಿತ್ತು. ಸೆಕೆಂಡ್ ಗೇರಲ್ಲಿ ಹತ್ತಿತ್ತು, ನಿಜ.

ಇಷ್ಟು ಹೇಳಿದ ಮೇಲೂ ಟರ್ಬೊನೇ ಬೇಕು ಅನ್ನೋರಿಗೆ: ಎಂವೈ ನಂಬರಿನ ಗಾಡಿ ಬಿಡಿ. ತೊಂಬತ್ತರ ದಶಕದ, ಎಂಜಿನ್ ಕೆಟ್ಟು ಮೂಲೇಲಿ ನಿಂತಿರೋ ಪದ್ಮಿನಿ ಹುಡುಕಿ, ರಸ್ತೆಗಲ್ಲ, ಟ್ರ್ಯಾಕಿಗೆ ಅಂತ ಕಟ್ಟಿ. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದ ಮೇಲೆ ಟರ್ಬೊ ತನ್ನಿ. ಪೆಟ್ರೋಲ್ ಕಾರಿನ ಟರ್ಬೊ ತನ್ನಿ. ಮಿಶ್ರಣ ತೋರಿಸುವ ಮೀಟರ್ ಇಲ್ಲದೆ ಒಂದು ಕಿಲೋಮೀಟರೂ ಬೂಸ್ಟಲ್ಲಿ ಓಡಿಸಬೇಡಿ, ಆ ಮೀಟರ್ ದುಡ್ಡು ಎಂಜಿನ್ ದುಡ್ಡಿನ ಮುಂದೆ ಏನೂ ಅಲ್ಲ. 0.3 ಬಾರಲ್ಲಿ ನಿಲ್ಲಿಸಿ. ಈ ಪಟ್ಟಿಯ ಮೊತ್ತ ಒಂದು ಲಕ್ಷದಲ್ಲಿ ಮುಗಿಯುತ್ತೆ ಅಂತ ಯಾರಾದರೂ ಗ್ಯಾರೇಜಿನವರು ಹೇಳಿದರೆ ಯಾವುದನ್ನ ಬಿಡ್ತಿದ್ದಾರೆ ಅಂತ ಕೇಳಿ.

ಓದುವವರಲ್ಲಿ ಯಾರಾದರೂ ನಿಜವಾಗಿ ಹಳೇ ಫಿಯೆಟ್ಟಿಗೋ ಅಂಬಾಸಡರಿಗೋ ಟರ್ಬೊ ಹಾಕಿಸಿ ಎರಡು ವರ್ಷ ಓಡಿಸಿದ್ದರೆ ದಯವಿಟ್ಟು ಬರೀರಿ. ಫೋಟೋ ಬೇಡ, ಸೌಂಡ್ ಕ್ಲಿಪ್ಪೂ ಬೇಡ. ಪೂರ್ತಿ ಬಿಲ್ ಬರೀರಿ, ಎರಡನೇ ಸಲ ಎಂಜಿನ್ ಬಿಚ್ಚಿಸಿದ್ದರ ಬಿಲ್ ಸಮೇತ. ನಮ್ಮ ಹುಡುಗನಿಗೆ ತೋರಿಸಬೇಕು :-)